ಮನೆಗೊಂದು ಲ್ಯಾಪ್‌ಟಾಪ್: ಕೊಳ್ಳುವ ಮುನ್ನ ಪಾಲಕರಿಗೆ ನಾಲ್ಕು ಮಾತು



ವಿದ್ಯಾರ್ಥಿವೇತನದ ಅರ್ಜಿಯಲ್ಲಿ ‘ಯಾವ ಖರ್ಚಿಗೆ ಸಹಾಯ ಬೇಕು’ ಎಂಬ ಜಾಗದಲ್ಲಿ ಮೊದಲೆಲ್ಲ ಫೀಸು, ಪುಸ್ತಕ, ಬಸ್ ಪಾಸು, ಹಾಸ್ಟೆಲ್ ಎಂದು ಬರೆದಿರುತ್ತಿತ್ತು. ಕೋವಿಡ್ ಕಾಲದ ಆನ್‌ಲೈನ್ ಪಾಠಗಳ ನಂತರ ಆ ಪಟ್ಟಿಗೆ ಲ್ಯಾಪ್‌ಟಾಪ್ ಸೇರಿಕೊಂಡಿತು. ಈಗ ಡಿಗ್ರಿ, ಡಿಪ್ಲೊಮಾ, ಇಂಜಿನಿಯರಿಂಗ್ ಓದುವ ಮಕ್ಕಳ ಅರ್ಜಿಗಳಲ್ಲಿ ಅದೇ ಮೊದಲ ಸಾಲಿನಲ್ಲಿರುತ್ತದೆ. ಫೀಸು ಎಷ್ಟು ಎಂಬುದನ್ನು ಕಾಲೇಜಿನ ರಸೀದಿ ಹೇಳುತ್ತದೆ. ಲ್ಯಾಪ್‌ಟಾಪ್ ಎಷ್ಟರದ್ದು ಸಾಕು, ಎಂಥದ್ದು ಬೇಕು ಎಂಬುದನ್ನು ಹೇಳುವವರಿಲ್ಲ. ಅಂಗಡಿಯವರು ಹೇಳಿದ್ದೇ ಮಾತು. ಸಮಿತಿಯಲ್ಲಿರುವ ನಾವು ಸೀಮೆಸುಣ್ಣ ಹಿಡಿದು ಬದುಕಿದವರು, ಕಂಪ್ಯೂಟರ್ ಪಂಡಿತರಲ್ಲ. ಆದರೆ ಕೆಲವು ವರ್ಷಗಳಿಂದ ಮಕ್ಕಳಿಗಾಗಿ ಇವನ್ನು ಕೊಂಡು, ಕೊಡಿಸಿ, ಎಡವಿ ಕಲಿತದ್ದಿದೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇವೆ.

ಎಡವಿದ್ದನ್ನು ಮೊದಲು ಹೇಳಿಬಿಡುತ್ತೇವೆ, ಏಕೆಂದರೆ ದಾನಿಗಳಿಗೆ ಅದು ಗೊತ್ತಿರಬೇಕು. ಮೊದಲ ಸಲ ನಾವು ಲ್ಯಾಪ್‌ಟಾಪ್ ಹಂಚಿದಾಗ, ಒಂದೇ ಹಣದಲ್ಲಿ ಹೆಚ್ಚು ಮಕ್ಕಳಿಗೆ ತಲುಪಲಿ ಎಂಬ ಆಸೆಯಿಂದ ಅತಿ ಅಗ್ಗದವನ್ನು ಆರಿಸಿದೆವು. ಹೊಸವೇ, ನೋಡಲು ಚಂದವೇ. 4 ಜಿಬಿ ಮೆಮೊರಿ, 64 ಜಿಬಿ ಸಂಗ್ರಹ. ಅಂಗಡಿಯಲ್ಲಿ ಚೆನ್ನಾಗಿಯೇ ಓಡಿದವು. ವರ್ಷ ತುಂಬುವುದರೊಳಗೆ ಒಂದೊಂದಾಗಿ ದೂರು ಬಂತು. ವಿಂಡೋಸ್ ತಾನೇ ಅರ್ಧದಷ್ಟು ಜಾಗ ತಿಂದಿರುತ್ತದೆ. ಮೇಲೆ ಅಪ್‌ಡೇಟ್ ಬಂದಾಗ ಇಳಿಸಿಕೊಳ್ಳಲು ಜಾಗವೇ ಇಲ್ಲ. ಮಕ್ಕಳು ನೋಟ್ಸು ಅಳಿಸಿ, ಫೋಟೊ ಅಳಿಸಿ ಜಾಗ ಮಾಡಿಕೊಟ್ಟರೂ ಮುಂದಿನ ತಿಂಗಳು ಮತ್ತೆ ಅದೇ ಕತೆ. ಆ ಸಂಗ್ರಹ ಬೋರ್ಡಿಗೇ ಬೆಸುಗೆ ಹಾಕಿದ್ದು, ಬದಲಿಸಲೂ ಬಾರದು. ಅಂಕೋಲೆಯ ಒಬ್ಬ ಬಿ.ಕಾಂ. ಹುಡುಗಿ ಪರೀಕ್ಷಾ ಫಾರ್ಮ್ ತುಂಬುವ ಕೊನೆಯ ದಿನ ರಾತ್ರಿ ಅಪ್‌ಡೇಟ್ ಮುಗಿಯುವುದನ್ನೇ ಕಾಯುತ್ತ ಕೂತಳು. ಒಂಬತ್ತು ಗಂಟೆಗೆ ಅವಳ ಅಬ್ಬಾ ಸ್ಕೂಟರಿನಲ್ಲಿ ಕೂರಿಸಿಕೊಂಡು, ಮುಚ್ಚುತ್ತಿದ್ದ ಸೈಬರ್ ಅಂಗಡಿಯವನ ಕೈಕಾಲು ಹಿಡಿದು ಫಾರ್ಮ್ ತುಂಬಿಸಿದರು. ಮರುವಾರ ಲ್ಯಾಪ್‌ಟಾಪನ್ನು ಚೀಲ ಸಮೇತ ತಂದು ನಮ್ಮ ಮೇಜಿನ ಮೇಲಿಟ್ಟು, “ಸರ್, ಬೇಜಾರು ಮಾಡ್ಕೋಬೇಡಿ, ಇದು ಬೇರೆ ಯಾರಿಗಾದರೂ ಆಗ್ತದಾ ನೋಡಿ” ಎಂದರು. ಬೇರೆ ಯಾರಿಗೂ ಅದು ಆಗುವಂತಿರಲಿಲ್ಲ. ಆ ತಪ್ಪು ಅವರದಲ್ಲ, ನಮ್ಮದು.

ಇನ್ನೊಂದು ತುದಿಯ ತಪ್ಪನ್ನೂ ನೋಡಿದ್ದೇವೆ. ಕಾರವಾರದ ಒಂದು ಮನೆಯವರು ಮಗನಿಗೆ ಇಂಜಿನಿಯರಿಂಗ್ ಸೀಟು ಸಿಕ್ಕ ಸಂತೋಷದಲ್ಲಿ, ಬಂಗಾರದ ಬಳೆ ಅಡವಿಟ್ಟು ಗೇಮಿಂಗ್ ಲ್ಯಾಪ್‌ಟಾಪ್ ತಂದರು. ತೂಕ ಎರಡೂವರೆ ಕೆಜಿ, ಚಾರ್ಜರಿನ ಇಟ್ಟಿಗೆ ಬೇರೆ. ಗಾಳಿಪಂಖದ ಸದ್ದು ಪಕ್ಕದ ಕೋಣೆಗೆ ಕೇಳುತ್ತಿತ್ತು, ಬ್ಯಾಟರಿ ಮಾತ್ರ ಮೂರು ಗಂಟೆಯೂ ಬರುತ್ತಿರಲಿಲ್ಲ. ಹುಡುಗನಿಗೆ ಮೊದಲ ವರ್ಷ ಅದರಲ್ಲಿ ಮಾಡಲಿಕ್ಕಿದ್ದುದು ಟೈಪಿಂಗ್ ಮತ್ತು ಸಣ್ಣ ಸಿ ಪ್ರೋಗ್ರಾಂಗಳು.

ಆದ್ದರಿಂದ ಅಂಗಡಿಗೆ ಹೋಗುವ ಮೊದಲು ಮನೆಯಲ್ಲೇ ಕೂತು ಒಂದು ಕಾಗದದ ಮೇಲೆ ಬರೆಯಿರಿ: ಇದನ್ನು ಯಾರು ಯಾರು ಬಳಸುತ್ತಾರೆ, ಯಾವುದಕ್ಕೆ? ನಮ್ಮ ಮನೆಗಳಲ್ಲಿ ಲ್ಯಾಪ್‌ಟಾಪ್ ಒಬ್ಬರದ್ದಾಗಿ ಉಳಿಯುವುದಿಲ್ಲ. ಹಗಲು ಮಗಳದ್ದು, ಸಂಜೆ ಪಿಯುಸಿ ತಮ್ಮನದ್ದು, ರಾತ್ರಿ ಅಬ್ಬಾನ ಮೀನು ವ್ಯಾಪಾರದ ಲೆಕ್ಕ ಅಥವಾ ಅಮ್ಮಿಯ ಹೊಲಿಗೆ ಆರ್ಡರುಗಳ ಪಟ್ಟಿ. ವರ್ಷಕ್ಕೆ ನಾಲ್ಕು ಸಲ ಸರಕಾರಿ ಪೋರ್ಟಲ್‌ಗಳ ಕೆಲಸ: ರಾಜ್ಯ ವಿದ್ಯಾರ್ಥಿವೇತನಕ್ಕೆ ಎಸ್‌ಎಸ್‌ಪಿ, ಕೇಂದ್ರದ್ದಕ್ಕೆ ಎನ್‌ಎಸ್‌ಪಿ, ಡಿಗ್ರಿ ಪ್ರವೇಶ ಮತ್ತು ಪರೀಕ್ಷೆಗೆ ಯುಯುಸಿಎಂಎಸ್, ಸಿಇಟಿಗೆ ಕೆಇಎ. ಇವುಗಳನ್ನು ಮೊಬೈಲಿನಲ್ಲಿ ತುಂಬಲು ಹೋಗಿ ಫೋಟೊ ಅಳತೆ ಸರಿಯಾಗದೆ, ಪುಟ ಅರ್ಧಕ್ಕೆ ನಿಂತು ಒದ್ದಾಡಿದವರಿಗೆ ದೊಡ್ಡ ಪರದೆಯ ಬೆಲೆ ಗೊತ್ತು. ಇಷ್ಟೆಲ್ಲ ಕೆಲಸಕ್ಕೂ ಸಾಧಾರಣ ಲ್ಯಾಪ್‌ಟಾಪ್ ಸಾಕು. ಬಿ.ಎ., ಬಿ.ಎಡ್., ಬಿ.ಎಸ್ಸಿ. ಮಕ್ಕಳಿಗೂ ಅದೇ ಸಾಕು.

ಬಿ.ಕಾಂ. ಮಕ್ಕಳು ಒಂದು ವಿಷಯ ನೆನಪಿಡಬೇಕು. ಟ್ಯಾಲಿ ಓಡುವುದು ವಿಂಡೋಸಿನಲ್ಲಿ. ಆದ್ದರಿಂದ ಅಗ್ಗಕ್ಕೆ ಸಿಕ್ಕಿತೆಂದು ಕ್ರೋಮ್‌ಬುಕ್ ತಂದರೆ ಓದಿಗೆ ಆದೀತು, ಟ್ಯಾಲಿಗೆ ಆಗದು. ಕೆಲವು ಅಗ್ಗದ ಲ್ಯಾಪ್‌ಟಾಪ್‌ಗಳಲ್ಲಿ ವಿಂಡೋಸ್ ‘ಎಸ್ ಮೋಡ್’ ಎಂಬ ಬೀಗದ ಸ್ಥಿತಿಯಲ್ಲಿ ಬರುತ್ತದೆ, ಮೈಕ್ರೋಸಾಫ್ಟಿನ ಅಂಗಡಿಯಿಂದಲ್ಲದೆ ಬೇರೇನೂ ಹಾಕಲು ಬಿಡುವುದಿಲ್ಲ. ಹಾಳಾಗಿದೆ ಎಂದು ಹೆದರಬೇಡಿ. ಹಣ ಕೊಡದೆ ಅದರಿಂದ ಹೊರಬರಬಹುದು, ಆದರೆ ಒಮ್ಮೆ ಹೊರಬಂದ ಮೇಲೆ ಮತ್ತೆ ಒಳಹೋಗಲು ಬರುವುದಿಲ್ಲ, ಹೋಗುವ ಅಗತ್ಯವೂ ಇಲ್ಲ. ಬಿಸಿಎ ಮತ್ತು ಕಂಪ್ಯೂಟರ್ ಸೈನ್ಸಿನವರಿಗೆ ಮೆಮೊರಿ ಹೆಚ್ಚು ಬೇಕು. ಸಿವಿಲ್, ಮೆಕ್ಯಾನಿಕಲ್ ಓದುವವರಿಗೆ ನಮ್ಮ ಸಲಹೆ, ಮೊದಲ ಸೆಮಿಸ್ಟರಿನಲ್ಲಿ ಅವಸರ ಮಾಡಬೇಡಿ. ಯಾವ ಸಾಫ್ಟ್‌ವೇರ್ ಬೇಕು ಎಂಬುದನ್ನು ಕಾಲೇಜಿನ ಅಧ್ಯಾಪಕರನ್ನೇ ಕೇಳಿ, ಸೀನಿಯರ್‌ಗಳು ಏನು ಬಳಸುತ್ತಾರೆ ನೋಡಿ, ಅಲ್ಲಿಯವರೆಗೆ ಲ್ಯಾಬ್ ಬಳಸಿ.

ಇನ್ನು ಡಬ್ಬದ ಮೇಲಿನ ಚೀಟಿ ಓದುವ ವಿದ್ಯೆ. ಅಕ್ಕಿಯ ಚೀಲದ ಮೇಲಿನ ಹೆಸರು ನೋಡಿ ಅಕ್ಕಿ ಕೊಳ್ಳದ ಗೃಹಿಣಿಯರಿಗೆ ಇದು ಕಷ್ಟವೇನಲ್ಲ.

ಮೊದಲನೆಯದು ಪ್ರೊಸೆಸರ್. ಅಂಗಡಿಯವರು “ಐ5 ಇದೆ, ಐ3ಕ್ಕಿಂತ ಒಳ್ಳೇದು” ಎನ್ನುತ್ತಾರೆ. ಅಷ್ಟಕ್ಕೆ ತಲೆದೂಗಬೇಡಿ, ಎಷ್ಟನೆಯ ತಲೆಮಾರಿನದು ಎಂದು ಕೇಳಿ. ಇಂಟೆಲ್‌ನ 6ನೇ ತಲೆಮಾರಿನ ಐ5-6200ಯು ಒಳಗೆ ಇರುವುದು ಎರಡು ಕೋರ್. 12ನೇ ತಲೆಮಾರಿನ ಐ3-1215ಯು ಒಳಗೆ ಆರು ಕೋರ್. ಕೋರ್ ಎಂದರೆ ಕೆಲಸಗಾರರು ಎಂದುಕೊಳ್ಳಿ. ಹೆಸರಿಗೆ ಕಿರಿಯದಾದ ಐ3 ಇಲ್ಲಿ ಹಿರಿಯನನ್ನು ಹಿಂದೆ ಹಾಕುತ್ತದೆ. ಎಎಂಡಿ ಕಂಪನಿಯ ರೈಜನ್‌ಗಳೂ ಒಳ್ಳೆಯವೇ, ಆದರೆ ಅವರ 7000 ಸಾಲಿನ ಹೆಸರುಗಳಲ್ಲಿ ಒಂದು ಗುಟ್ಟಿದೆ. ಒಳಗಿನ ವಿನ್ಯಾಸ ಎಷ್ಟು ಹಳೆಯದು ಎಂಬುದನ್ನು ಹೇಳುವುದು ಮೊದಲ ಅಂಕಿಯಲ್ಲ, ಮೂರನೆಯದು. ರೈಜನ್ 5 7520ಯು ಮತ್ತು ರೈಜನ್ 5 7530ಯು ಅಕ್ಕಪಕ್ಕದ ಸಂಖ್ಯೆಗಳಂತೆ ಕಂಡರೂ ಮೊದಲನೆಯದರಲ್ಲಿ ನಾಲ್ಕು ಕೋರ್, ಎರಡನೆಯದರಲ್ಲಿ ಆರು, ವಿನ್ಯಾಸವೂ ಒಂದು ತಲೆಮಾರು ಹೊಸದು. ಮನೆಗೆಲಸಕ್ಕೆ 7520ಯು ಸಾಲುತ್ತದೆ, ಆದರೆ 7530ರ ಬೆಲೆ ಕೊಟ್ಟು ಅದನ್ನು ತರಬಾರದು. ಸೆಲೆರಾನ್ ಎಂದು ಬರೆದಿದ್ದರೆ ನಾವು ಬೇಡ ಎನ್ನುತ್ತೇವೆ. ನಮ್ಮ ಮೊದಲ ಸಲದ ಲ್ಯಾಪ್‌ಟಾಪ್‌ಗಳಲ್ಲಿ ಇದ್ದುದು ಅದೇ.

ಎರಡನೆಯದು ಮೆಮೊರಿ, ಅಂದರೆ ರ‍್ಯಾಮ್. ಇದನ್ನು ಓದುವ ಮೇಜಿನ ಅಗಲ ಎನ್ನಬಹುದು. ಮೇಜು ಚಿಕ್ಕದಾದರೆ ಒಂದು ಪುಸ್ತಕ ತೆಗೆಯಲು ಇನ್ನೊಂದನ್ನು ಮಡಚಬೇಕು. 8 ಜಿಬಿಗಿಂತ ಕಡಿಮೆ ಬೇಡವೇ ಬೇಡ, 16 ಇದ್ದರೆ ನಾಲ್ಕೈದು ವರ್ಷ ಚಿಂತೆ ಇಲ್ಲ. ವಿಂಡೋಸ್ 11ಕ್ಕೆ ಕನಿಷ್ಠ 4 ಜಿಬಿ ಎಂದು ಮೈಕ್ರೋಸಾಫ್ಟ್ ಹೇಳುತ್ತದೆ. ಕನಿಷ್ಠ ಎಂದರೆ ಮೂವತ್ತೈದು ಮಾರ್ಕಿನ ಪಾಸು ಎಂದು ತಿಳಿಯಿರಿ. ಇಲ್ಲಿ ಕೇಳಬೇಕಾದ ಇನ್ನೊಂದು ಪ್ರಶ್ನೆ: “ರ‍್ಯಾಮ್ ಮುಂದೆ ಹೆಚ್ಚಿಸಲು ಸ್ಲಾಟ್ ಇದೆಯೇ, ಬೋರ್ಡಿಗೆ ಅಂಟಿಸಿದ್ದೇ?” ಸ್ಲಾಟ್ ಇದ್ದರೆ ಇಂದು 8 ತೆಗೆದುಕೊಂಡು ಮುಂದೆ ಕೈಯಲ್ಲಿ ಹಣವಿದ್ದಾಗ ಇನ್ನೊಂದು 8 ಹಾಕಬಹುದು. ಅಂಟಿಸಿದ್ದಾದರೆ ಇವತ್ತಿನದೇ ಕೊನೆ.

ಮೂರನೆಯದು ಸಂಗ್ರಹ. ಎಸ್‌ಎಸ್‌ಡಿ ಎಂದೇ ಬರೆದಿರಬೇಕು, 512 ಜಿಬಿ ಉತ್ತಮ, 256 ನಡೆಯುತ್ತದೆ. ‘ಇಎಂಎಂಸಿ’ ಎಂದು ಬರೆದಿದ್ದರೆ ಹಿಂದಿರುಗಿ ಬನ್ನಿ. ಹಳೆಯ ತಿರುಗುವ ಹಾರ್ಡ್ ಡಿಸ್ಕಿನದು 1 ಟಿಬಿ ಎಂದು ಆಸೆ ತೋರಿಸಿದರೂ ಬೇಡ. ಅದರ ಲ್ಯಾಪ್‌ಟಾಪ್ ತೆರೆದುಕೊಳ್ಳುವಷ್ಟರಲ್ಲಿ ಚಾ ಕುಡಿದು ಬರಬಹುದು.

ಪರದೆಯ ಬಗ್ಗೆ ಯಾರೂ ಕೇಳುವುದಿಲ್ಲ, ಆದರೆ ಮಕ್ಕಳ ಕಣ್ಣು ದಿನವಿಡೀ ಇರುವುದು ಅಲ್ಲೇ. 1920×1080 ಇರಲಿ, ‘ಐಪಿಎಸ್’ ಪರದೆ ಇದ್ದರೆ ಒಳ್ಳೆಯದು. ಗೊತ್ತುಮಾಡಿಕೊಳ್ಳುವ ಉಪಾಯ ಸುಲಭ: ಅಂಗಡಿಯಲ್ಲಿ ಲ್ಯಾಪ್‌ಟಾಪ್ ಎದುರು ನಿಲ್ಲದೆ ಪಕ್ಕಕ್ಕೆ ಸರಿದು ನೋಡಿ, ಬಣ್ಣ ಮಾಸಿ ಕಪ್ಪಾದರೆ ಅದು ಅಗ್ಗದ ಪರದೆ. ದಿನಾ ಬಸ್ಸಿನಲ್ಲಿ ಅಂಕೋಲೆಯಿಂದ ಕಾರವಾರಕ್ಕೆ ಹೊತ್ತು ಹೋಗುವ ಮಕ್ಕಳಿಗೆ 14 ಇಂಚು ಅನುಕೂಲ. ಮನೆಯಲ್ಲೇ ಇರುವುದಾದರೆ 15.6 ಇಂಚು ತೆಗೆದುಕೊಳ್ಳಿ, ಹಿರಿಯರ ಕಣ್ಣಿಗೂ ಹಿತ, ಲೆಕ್ಕ ಬರೆಯುವವರಿಗೆ ಬಲಬದಿಯಲ್ಲಿ ಅಂಕಿಗಳ ಕೀಲಿಗಳೂ ಬಹುಮಟ್ಟಿಗೆ ಸಿಗುತ್ತವೆ.

ಕೀಲಿಮಣೆಯ ಮಾತು ಬಂದಾಗ, ಕನ್ನಡ ಟೈಪಿಂಗ್‌ಗೆ ವಿಶೇಷ ಲ್ಯಾಪ್‌ಟಾಪ್ ಬೇಕಿಲ್ಲ. ವಿಂಡೋಸಿನಲ್ಲೇ ಕನ್ನಡ ಇದೆ. ಕನ್ನಡ ಗಣಕ ಪರಿಷತ್ತಿನ ನುಡಿ ಉಚಿತವಾಗಿ ಸಿಗುತ್ತದೆ. ಅದರ ಕೀಲಿ ವಿನ್ಯಾಸದ ಮೂಲ ನಮ್ಮ ಕರಾವಳಿಯವರೇ ಆದ ಕೆ.ಪಿ. ರಾವ್ ಅವರದು. ನಿವೃತ್ತಿಯ ನಂತರ ಅದನ್ನು ಕಲಿಯಲು ನಮಗೆ ಹದಿನೈದು ದಿನ ಹಿಡಿಯಿತು, ನಮ್ಮ ವಿದ್ಯಾರ್ಥಿಗಳಿಗೆ ಎರಡು ದಿನ ಸಾಕು. ಉರ್ದು ಬರೆಯುವವರಿಗೂ ವಿಂಡೋಸಿನ ಭಾಷೆಗಳ ಪಟ್ಟಿಯಲ್ಲೇ ಉರ್ದು ಸಿಗುತ್ತದೆ.

ವಿಂಡೋಸ್ ಇಲ್ಲದ ಲ್ಯಾಪ್‌ಟಾಪ್‌ಗಳನ್ನು ಸ್ವಲ್ಪ ಕಡಿಮೆ ಬೆಲೆಗೆ ಮಾರುತ್ತಾರೆ, “ನಾವೇ ಹಾಕಿ ಕೊಡ್ತೇವೆ” ಎನ್ನುತ್ತಾರೆ. ಹಾಗೆ ಹಾಕುವುದು ಬಹಳ ಸಲ ಕಳ್ಳ ಪ್ರತಿ. ದಾನದ ಹಣದಲ್ಲಿ ಕೊಂಡ ವಸ್ತುವಿನೊಳಗೆ ಕದ್ದ ಮಾಲು ಇರಬಾರದು ಎಂಬುದು ನಮ್ಮ ನಿಲುವು. ವೈರಸ್ ಬಂದು ನೋಟ್ಸು ಹಾಳಾಗುವ ಭಯ ಬೇರೆ. ಕಂಪನಿಯೇ ಹಾಕಿದ ವಿಂಡೋಸ್ ಇರುವುದನ್ನೇ ತನ್ನಿ. ವರ್ಡ್, ಎಕ್ಸೆಲ್ ಜೊತೆಗೇ ಬಂದರೆ ಅದು ಕಾಯಂ ಲೈಸೆನ್ಸೋ, ಒಂದು ವರ್ಷದ ಚಂದಾ ಮಾತ್ರವೋ ಕೇಳಿ. ಇಲ್ಲದಿದ್ದರೆ ಲಿಬ್ರೆಆಫೀಸ್ ಇದೆ, ಉಚಿತ, ಪ್ರಾಮಾಣಿಕ, ಕನ್ನಡ ಮೆನುಗಳೂ ಇವೆ. ಈ ವರದಿಯ ಲೆಕ್ಕಪಟ್ಟಿಗಳನ್ನೂ ಅದರಲ್ಲೇ ಮಾಡಿದ್ದೇವೆ.

ಹೊಸದಕ್ಕೆ ಹಣ ಸಾಲದವರು ಕಂಪನಿಗಳಿಂದ ಹೊರಬಂದ ಹಳೆಯ ಲ್ಯಾಪ್‌ಟಾಪ್‌ಗಳನ್ನು ನೋಡಬಹುದು. ಥಿಂಕ್‌ಪ್ಯಾಡ್, ಲ್ಯಾಟಿಟ್ಯೂಡ್, ಎಲೀಟ್‌ಬುಕ್‌ನಂಥವು ಆಫೀಸಿನ ಬಳಕೆಗೆಂದೇ ಗಟ್ಟಿಯಾಗಿ ಮಾಡಿದವು, ಅಗ್ಗದ ಹೊಸದಕ್ಕಿಂತ ಎಷ್ಟೋ ಮೇಲು. ಆದರೆ ಇಂಟೆಲ್ ಆದರೆ 8ನೇ ತಲೆಮಾರು ಅಥವಾ ಅದರ ನಂತರದ್ದೇ ಆಗಿರಬೇಕು. ಹಿಂದಿನ ತಲೆಮಾರಿನವುಗಳಿಗೆ, ಬೆರಳೆಣಿಕೆಯವನ್ನು ಬಿಟ್ಟರೆ, ವಿಂಡೋಸ್ 11ರ ಅನುಮತಿ ಇಲ್ಲ, ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ರಂದು ಬೆಂಬಲ ನಿಲ್ಲಿಸಿದೆ. ಅಂಗಡಿಗಳಲ್ಲಿ ಹಳೆಯವು ಇದ್ದಕ್ಕಿದ್ದಂತೆ ಅಗ್ಗವಾಗಿ ಕಾಣುವುದಕ್ಕೆ ಇದೂ ಒಂದು ಕಾರಣ. ಹಳೆಯದನ್ನು ಕೊಳ್ಳುವಾಗ ವಿಂಡೋಸಿನ ‘ಬ್ಯಾಟರಿ ರಿಪೋರ್ಟ್’ ತೆಗೆದು ತೋರಿಸಲು ಹೇಳಿ. ಅದರಲ್ಲಿ ಹೊಸದಿದ್ದಾಗಿನ ಸಾಮರ್ಥ್ಯ ಮತ್ತು ಈಗ ಉಳಿದಿರುವುದು ಎರಡೂ ಅಕ್ಕಪಕ್ಕ ಇರುತ್ತವೆ. ಅರ್ಧಕ್ಕಿಂತ ಕಡಿಮೆ ಇದ್ದರೆ ಹೊಸ ಬ್ಯಾಟರಿಯ ಖರ್ಚನ್ನು ಬೆಲೆಯಲ್ಲಿ ಕಳೆಯಿರಿ. ಎಲ್ಲ ಕೀಲಿ ಒತ್ತಿ ನೋಡಿ, ಮುಚ್ಚಳ ಹತ್ತು ಸಲ ತೆಗೆದು ಹಾಕಿ, ಕ್ಯಾಮೆರಾ, ಸ್ಪೀಕರ್, ವೈಫೈ ನೋಡಿ, ಬಿಲ್ಲು ಪಡೆಯಿರಿ. ಬಿಲ್ಲು ಕೊಡದವನಿಂದ ಕೊಳ್ಳಬೇಡಿ, ಯಾರದ್ದೋ ಕಳುವಾದ ವಸ್ತು ಆಗಿರಬಹುದು.

ಇದೇ ಮಾತು ದಾನಿಗಳಿಗೂ. ನಿಮ್ಮ ಆಫೀಸಿನ ಹಳೆಯ ಲ್ಯಾಪ್‌ಟಾಪ್‌ಗಳನ್ನು ಕೊಡಲು ಮುಂದೆ ಬರುತ್ತೀರಿ, ಅದಕ್ಕೆ ಋಣಿಗಳು. 8ನೇ ತಲೆಮಾರಿನ ನಂತರದವು, ಚಾರ್ಜರ್ ಸಹಿತ, ಕಂಪನಿಯ ಪಾಸ್‌ವರ್ಡ್ ಬೀಗ ತೆಗೆದವು ಆಗಿದ್ದರೆ ಮಕ್ಕಳಿಗೆ ತಕ್ಷಣ ಉಪಯೋಗ. ಅದಕ್ಕಿಂತ ಹಳೆಯದನ್ನು ನಾವು ವಿನಯದಿಂದ ಬೇಡ ಎಂದರೆ ತಪ್ಪು ತಿಳಿಯಬಾರದು.

ಗಲ್ಫಿನಲ್ಲಿರುವ ಮಾಮಾ, ಚಾಚಾ ತರುವ ಲ್ಯಾಪ್‌ಟಾಪ್ ನಮ್ಮ ಮನೆಗಳಲ್ಲಿ ಸಾಮಾನ್ಯ. ಹದಿನೆಂಟು ತುಂಬಿದ ಪ್ರಯಾಣಿಕರು ಒಂದು ಲ್ಯಾಪ್‌ಟಾಪನ್ನು ಸುಂಕವಿಲ್ಲದೆ ತರಬಹುದು. ಆದರೆ ತರುವ ಮುನ್ನ ಅವರಿಗೆ ಹೇಳಿ: ಭಾರತದಲ್ಲೂ ವಾರಂಟಿ ಸಿಗುತ್ತದೆಯೇ ಎಂದು ಅಲ್ಲಿಯ ಅಂಗಡಿಯಲ್ಲೇ ಬರೆಸಿಕೊಳ್ಳಲಿ. ಅಲ್ಲಿಯ ವಾರಂಟಿ ಅಲ್ಲಿಗೇ ಮುಗಿಯುವ ಮಾಡೆಲ್‌ಗಳು ಬೇಕಾದಷ್ಟಿವೆ. ಅಲ್ಲಿಯ ಪ್ಲಗ್ಗಿನ ಚಪ್ಪಟೆ ಕಡ್ಡಿಗಳು ನಮ್ಮ ಸಾಕೆಟ್ಟಿಗೆ ಹೊಂದುವುದಿಲ್ಲ. ಸಡಿಲ ಅಡಾಪ್ಟರ್ ಸಿಕ್ಕಿಸಿ ಕಿಡಿ ಹಾರಿಸುವ ಬದಲು ಇಲ್ಲಿಯ ಚಾರ್ಜರ್ ಕೇಬಲ್ ಕೊಂಡರೆ ಮುಗಿಯಿತು, ಬೆಲೆ ಹೆಚ್ಚಿಲ್ಲ.

ಕಂತಿನ ಬಗ್ಗೆ ಬಹಳ ಪಾಲಕರು ಕೇಳುತ್ತಾರೆ: “ನೋ ಕಾಸ್ಟ್ ಇಎಂಐ ಅಂತಾರಲ್ಲ ಸರ್, ಬಡ್ಡಿ ಇಲ್ವಂತೆ, ತಕೊಳ್ಳಬಹುದಾ?” ಬಡ್ಡಿ ಇಲ್ಲದೆ ಯಾವ ಬ್ಯಾಂಕೂ ಹಣ ಕೊಡುವುದಿಲ್ಲ. ನಗದು ಕೊಟ್ಟವರಿಗೆ ಸಿಗುತ್ತಿದ್ದ ರಿಯಾಯಿತಿಯನ್ನು ಬಡ್ಡಿಗೆ ಹೊಂದಿಸುತ್ತಾರೆ, ಮೇಲೆ ಪ್ರೊಸೆಸಿಂಗ್ ಶುಲ್ಕ, ಬಡ್ಡಿಯ ಮೇಲಿನ ಜಿಎಸ್‌ಟಿ ಬೇರೆ ಬರಬಹುದು. ಇಂಥ ಶೂನ್ಯ ಬಡ್ಡಿ ಎಂಬುದೇ ಇಲ್ಲ ಎಂದು ರಿಸರ್ವ್ ಬ್ಯಾಂಕ್ 2013ರಲ್ಲೇ ಬ್ಯಾಂಕುಗಳಿಗೆ ಹೇಳಿತ್ತು. ಬಡ್ಡಿಯಿಂದ ದೂರ ಇರಬೇಕೆನ್ನುವವರು ‘ನೋ ಕಾಸ್ಟ್’ ಎಂಬ ಎರಡು ಪದ ನಂಬಿ ಸಹಿ ಹಾಕಬಾರದು. ಅಂಗಡಿಯವನಿಗೆ ಕೇಳಬೇಕಾದ ಪ್ರಶ್ನೆ ಒಂದೇ: “ಪೂರ್ತಿ ನಗದು ಕೊಟ್ಟರೆ ಎಷ್ಟು?” ಆ ಉತ್ತರಕ್ಕೂ ಕಂತುಗಳ ಮೊತ್ತಕ್ಕೂ ಇರುವ ವ್ಯತ್ಯಾಸವೇ ಬಡ್ಡಿ. ನಗದು ಸಾಲದಿದ್ದರೆ ನಮ್ಮಲ್ಲಿ ಬನ್ನಿ, ಬಳೆ ಅಡವಿಡಲು ಹೋಗುವ ಮೊದಲು ಬನ್ನಿ.

ನಮ್ಮ ಊರುಗಳಿಗೆ ಎಲ್ಲಕ್ಕಿಂತ ಮುಖ್ಯವಾದದ್ದು ರಿಪೇರಿ. ಕೊಳ್ಳುವ ಮುನ್ನ ಕಂಪನಿಯ ಸಹಾಯವಾಣಿಗೆ ಫೋನ್ ಮಾಡಿ, ನಿಮ್ಮ ಪಿನ್ ಕೋಡ್ ಹೇಳಿ (ಕಾರವಾರ 581301, ಅಂಕೋಲಾ 581314), ಮನೆಗೇ ಬಂದು ರಿಪೇರಿ ಮಾಡುತ್ತಾರೆಯೇ, ಇಲ್ಲವಾದರೆ ಹತ್ತಿರದ ಸರ್ವಿಸ್ ಸೆಂಟರ್ ಎಲ್ಲಿ ಎಂದು ಕೇಳಿ. ಹುಬ್ಬಳ್ಳಿಗೋ ಮಡಗಾಂವಿಗೋ ಮಂಗಳೂರಿಗೋ ಒಯ್ಯಬೇಕಾದರೆ ಒಂದು ದಿನದ ಕೂಲಿ, ಬಸ್ ಚಾರ್ಜು ಸೇರಿಸಿ ಬೆಲೆ ಹೋಲಿಸಿ. 2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಮುಚ್ಚಿದ್ದನ್ನು ನಾವ್ಯಾರೂ ಮರೆತಿಲ್ಲ. ಜೀವಗಳೇ ಹೋದ ಆ ದಿನಗಳಲ್ಲಿ ಲ್ಯಾಪ್‌ಟಾಪಿನ ಮಾತು ಸಣ್ಣದು, ಆದರೂ ಹೇಳುತ್ತೇವೆ: ಮಂಗಳೂರಿಗೆ ರಿಪೇರಿಗೆ ಹೋಗಿದ್ದ ನಮ್ಮ ಒಬ್ಬ ವಿದ್ಯಾರ್ಥಿಯ ಲ್ಯಾಪ್‌ಟಾಪ್ ವಾರಗಟ್ಟಲೆ ಬರಲಿಲ್ಲ, ಅವನ ಪ್ರಾಜೆಕ್ಟ್ ವರದಿ ಅದರೊಳಗೇ ಇತ್ತು. ಅಂದಿನಿಂದ ನಾವು ಪ್ರತಿ ಮಗುವಿಗೂ ಹೇಳುವುದು, ಮುಖ್ಯ ಕಡತಗಳ ಒಂದು ಪ್ರತಿ ಗೂಗಲ್ ಡ್ರೈವ್‌ನಲ್ಲಿರಲಿ, ಇನ್ನೊಂದು ಪೆನ್ ಡ್ರೈವ್‌ನಲ್ಲಿ.

ಕಡಲ ಗಾಳಿ, ಮಳೆಗಾಲದ ತೇವ ಎರಡೂ ಇವುಗಳ ಶತ್ರು. ಉಪ್ಪಿನ ಗಾಳಿ ಬಾಗಿಲ ಚಿಲಕವನ್ನೇ ತಿನ್ನುವ ಊರಿನಲ್ಲಿ ಕಿಟಕಿಯ ಪಕ್ಕ ಲ್ಯಾಪ್‌ಟಾಪ್ ಇಡಬೇಡಿ. ಜೋಪಾನ ಎಂದು ಬಟ್ಟೆ ಸುತ್ತಿ ಕಪಾಟಿನಲ್ಲಿ ತಿಂಗಳುಗಟ್ಟಲೆ ಇಡುವುದೂ ಬೇಡ, ಬೂಸ್ಟು ಹಿಡಿಯುತ್ತದೆ. ಮಳೆಗಾಲದಲ್ಲಿ ಎರಡು ದಿನಕ್ಕೊಮ್ಮೆಯಾದರೂ ಒಂದು ಗಂಟೆ ಚಾಲೂ ಮಾಡಿ, ಅದರ ಬಿಸಿಯೇ ಅದನ್ನು ಒಣಗಿಸುತ್ತದೆ. ಸಿಡಿಲಿನ ಸದ್ದು ಕೇಳಿದೊಡನೆ ಚಾರ್ಜರ್ ಕಿತ್ತುಬಿಡಿ, ಕರೆಂಟು ಹೋಗಿ ಬರುವ ರಾತ್ರಿಗಳಲ್ಲೂ ಅಷ್ಟೇ. ಅರ್ಥಿಂಗ್ ಇರುವ ಮೂರು ಪಿನ್ನಿನ ಸಾಕೆಟ್ ಮಾತ್ರ ಬಳಸಿ. ಹಾಸಿಗೆಯ ಮೇಲಿಟ್ಟು ಓಡಿಸಿದರೆ ಗಾಳಿ ಹೋಗುವ ಕಿಂಡಿ ಮುಚ್ಚಿ ಬಿಸಿಯಾಗುತ್ತದೆ, ಒಂದು ಮಣೆ ಇಟ್ಟುಕೊಳ್ಳಿ.

ಬೆಲೆಯ ಅಂದಾಜು ಹೇಳದೆ ಬಿಟ್ಟರೆ ಬೈಯುತ್ತೀರಿ. ಶೇ 18 ಜಿಎಸ್‌ಟಿ ಸೇರಿ ಸುಮಾರು 35,000ದಿಂದ 50,000 ರೂಪಾಯಿ ಒಳಗೆ ಮನೆಗೂ ಓದಿಗೂ ಆಗುವ ಹೊಸ ಲ್ಯಾಪ್‌ಟಾಪ್ ಹುಡುಕಬಹುದು. ಮೆಮೊರಿ ಚಿಪ್‌ಗಳ ಬೆಲೆ ಇತ್ತೀಚೆಗೆ ಏರಿರುವುದರಿಂದ 16 ಜಿಬಿಯದು ಆ ಮೇಲಿನ ತುದಿಯಲ್ಲಿ ಅಥವಾ ಅದರಾಚೆ ಇರಬಹುದು.

ಕೊನೆಗೆ, ಒಂದು ಬದಲಾವಣೆ. ಹಿಂದೆ ನಾವು ಕೊಟ್ಟ ಲ್ಯಾಪ್‌ಟಾಪ್‌ಗಳ ಮುಚ್ಚಳದ ಮೇಲೆ ಟ್ರಸ್ಟಿನ ಹೆಸರಿನ ಸ್ಟಿಕರ್ ಅಂಟಿಸುತ್ತಿದ್ದೆವು. ಕೆಲವು ದಾನಿಗಳು ತಮ್ಮ ಹೆಸರೂ ಇರಲಿ ಎಂದು ಕೇಳಿದ್ದುಂಟು. ಒಮ್ಮೆ ರಿಪೇರಿಗೆ ಬಂದ ಲ್ಯಾಪ್‌ಟಾಪಿನ ಮೇಲೆ ಬ್ಲೇಡಿನ ಗೀರುಗಳಿದ್ದವು. ಕೇಳಿದಾಗ ಹುಡುಗಿ ತಲೆ ತಗ್ಗಿಸಿ ನಿಂತಳು, ಅವಳ ಅಮ್ಮಿ ಹೇಳಿದರು, “ಕಾಲೇಜಲ್ಲಿ ಎಲ್ಲರೂ ಓದ್ತಾರೆ ಸರ್, ಅದಕ್ಕೆ ಕೆರೆದಿದ್ದಾಳೆ.” ನಾವು ಏನೂ ಹೇಳಲಿಲ್ಲ. ಆ ವರ್ಷದಿಂದ ಸ್ಟಿಕರ್ ನಿಲ್ಲಿಸಿದ್ದೇವೆ. ಝಕಾತಿನ ಹಣ ಕೊಟ್ಟ ಮೇಲೆ ಅದು ಪಡೆದವರದ್ದು, ಅದರ ಮೇಲೆ ನಮ್ಮ ಹೆಸರಿಗೆ ಜಾಗವಿಲ್ಲ. ದಾನಿಗಳಿಗೆ ಲೆಕ್ಕ ಈ ವರದಿಯಲ್ಲಿದೆ.

ಇನ್ನು ಮುಂದೆ ಟ್ರಸ್ಟ್ ಒಟ್ಟಿಗೆ ಕೊಂಡು ಹಂಚುವುದಿಲ್ಲ. ಲ್ಯಾಪ್‌ಟಾಪ್ ಸಹಾಯ ಕೋರುವವರು ವಿದ್ಯಾರ್ಥಿವೇತನದ ಅರ್ಜಿಯ ಜೊತೆಗೆ ಎರಡು ಬೇರೆ ಬೇರೆ ಅಂಗಡಿಗಳ ಕೊಟೇಶನ್ ತರಬೇಕು. ಅದರಲ್ಲಿ ಮಾಡೆಲ್ ಹೆಸರು, ಪ್ರೊಸೆಸರಿನ ಪೂರ್ತಿ ಸಂಖ್ಯೆ, ರ‍್ಯಾಮ್, ಸಂಗ್ರಹ, ವಾರಂಟಿ ಎಷ್ಟು ವರ್ಷ ಎಂಬುದು ಬರೆದಿರಬೇಕು. ‘ಐ5 ಲ್ಯಾಪ್‌ಟಾಪ್’ ಎಂದಷ್ಟೇ ಬರೆದ ಚೀಟಿ ಸ್ವೀಕರಿಸುವುದಿಲ್ಲ. ವಿದ್ಯಾರ್ಥಿಯೇ ಪಾಲಕರೊಡನೆ ಬಂದು, ಅದನ್ನೇ ಏಕೆ ಆರಿಸಿದೆ ಎಂದು ನಮಗೆ ಹೇಳಬೇಕು. ಇದು ಪರೀಕ್ಷೆಯಲ್ಲ, ತಪ್ಪಿದ್ದರೆ ಜೊತೆಗೆ ಕೂತು ಸರಿಮಾಡುತ್ತೇವೆ. ಮಂಜೂರಾದ ಹಣವನ್ನು ನೇರವಾಗಿ ಅಂಗಡಿಗೆ ಕೊಡುತ್ತೇವೆ, ಬಿಲ್ಲು ವಿದ್ಯಾರ್ಥಿಯ ಹೆಸರಿನಲ್ಲೇ ಇರುತ್ತದೆ. ಡಬ್ಬವನ್ನೂ ಬಿಲ್ಲನ್ನೂ ವಾರಂಟಿ ಮುಗಿಯುವವರೆಗೆ ಎಸೆಯಬೇಡಿ.